ಮುತ್ತಮ್ಮನವರ ಮುಚ್ಚಳಿಕೆ

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಇಳಿಹೊತ್ತಿನಲ್ಲಿ ನಡೆದು ಹೋಗುವವರಿಗೆ ಒಂದು ನೋಟವು ಕಣ್ಣಿಗೆ ಬೀಳದೆ ಇರದು. ಹಾವೇರಿ, ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳಗಳ ಕಡೆಯಿಂದ ಬಂದ ನೂರಾರು ತರುಣ ತರುಣಿಯರು ದಪ್ಪ ದಪ್ಪ ಪುಸ್ತಕಗಳನ್ನು ಎದೆಗೆ ಅವಚಿಕೊಂಡು, ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರಗಳಿಂದ ತಮ್ಮ ತಮ್ಮ ಬಾಡಿಗೆಯ ಕೋಣೆಗಳಿಗೆ ಮರಳುತ್ತಿರುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ಹೊಲ ಅಡವಿಟ್ಟು, ಇಲ್ಲವೆ ಲಗ್ನಕ್ಕೆಂದು ಕೂಡಿಸಿಟ್ಟ ಬಂಗಾರವನ್ನು ಮಾರಿ, ಮಗಳನ್ನು ಓದಲು ಕಳಿಸಿದ ತಂದೆತಾಯಿಗಳನ್ನು ನಾನು ಬಲ್ಲೆ.

ಕಳೆದ ಶ್ರಾವಣದ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಇಂಥ ಹುಡುಗಿಯರಲ್ಲೊಬ್ಬಳು ನಮ್ಮ ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಪರೀಕ್ಷೆಯ ಸಿದ್ಧತೆ ಒಂದು ಕಡೆಗಿರಲಿ, ಮನೆಯ ಅಡಚಣೆಗೆ ಈಗಲೇ ಒಂದು ನೌಕರಿ ಬೇಕೆಂದು ಹುಬ್ಬಳ್ಳಿಯ ಒಂದು ಖಾಸಗಿ ಸಂಸ್ಥೆಗೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕುಳಿತ ಮೂವರು ಮಹನೀಯರು ಅವಳು ಓದಿದ ವಿಷಯದ ಬಗೆಗೆ ಐದು ನಿಮಿಷ ಕೇಳಿ, ಲಗ್ನದ ಬಗೆಗೆ ಕಾಲು ಗಂಟೆ ಕೇಳಿದರಂತೆ. ಯಾವಾಗ ಆಗುವವಳು, ಆದ ಮೇಲೆ ಗಂಡನ ಊರಿಗೆ ಹೋಗುವವಳೋ ಇಲ್ಲಿಯೇ ಇರುವವಳೋ, ಮಕ್ಕಳಾದರೆ ರಜೆ ಎಷ್ಟು ತಿಂಗಳು ಬೇಡುವವಳು, ಹೀಗೆ. ಎರಡನೆಯ ಸುತ್ತಿನ ಸಂದರ್ಶನ ಮುಂದಿನ ವಾರಕ್ಕಿತ್ತು. ಏನು ಉತ್ತರ ಕೊಡಬೇಕೆಂದು ಕೇಳಲು ಬಂದಿದ್ದಳು.

ಕನ್ನಡ ಕಲಿಸುವವರಿಗೆ ಮಾತಿಗೆ ಬರವಿಲ್ಲವೆಂದು ಜನ ತಿಳಿದಿದ್ದಾರೆ. ಆ ಸಂಜೆ ನನಗೆ ಮಾತು ಹೊಳೆಯಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ. ಚಹಾ ಮಾಡಿ ಕೊಟ್ಟು, ಮಾತಿನ ಮುಖ ತಿರುಗಿಸಲೆಂದು, ಮುತ್ತಮ್ಮನವರ ಹೆಸರು ಕೇಳಿರುವೆಯೋ ಎಂದು ವಿಚಾರಿಸಿದೆ. ಕೇಳಿದ್ದಳು. ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಸಿ. ಬಿ. ಮುತ್ತಮ್ಮ ಎಂಬುದು ಉತ್ತರ. ಅದರಾಚೆಗೆ ಅವಳಿಗೆ ಏನೂ ತಿಳಿದಿರಲಿಲ್ಲ. ತಪ್ಪು ಅವಳದಲ್ಲ. ಪ್ರಥಮರ ಪಟ್ಟಿಯಲ್ಲಿ ಹೆಸರನ್ನು ಸೇರಿಸಿಬಿಟ್ಟರೆ ಆ ಹೆಸರಿನವರ ಬಾಳನ್ನು ಓದುವ ಗೋಜು ನಮಗೆ ತಪ್ಪುತ್ತದೆ. ಅವರು ಗತಿಸಿಯೂ ಹದಿನೈದು ವರ್ಷಗಳ ಮೇಲಾಯಿತು. ಅಂದು ಆ ಹುಡುಗಿಗೆ ಹೇಳಿದ್ದನ್ನೇ, ತುಸು ಅಚ್ಚುಕಟ್ಟಾಗಿಸಿ, ವಾಚಕರ ಮುಂದಿಡುತ್ತಿದ್ದೇನೆ.

ಚೋನಿರ ಬೆಳ್ಯಪ್ಪ ಮುತ್ತಮ್ಮನವರು ೧೯೨೪ನೆಯ ಇಸವಿ ಜನೇವರಿ ೨೪ರಂದು ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದರು. ಕೊಡವರಲ್ಲಿ ಮನೆತನದ ಹೆಸರು ಮುಂದೆ ನಿಲ್ಲುತ್ತದೆ. ಚೋನಿರ ಎಂಬುದು ಆ ಮನೆತನ. ಕೊಡಗು ಆಗ ಮೈಸೂರಿಗೂ ಸೇರದೆ ಮದರಾಸಿಗೂ ಸೇರದೆ, ಮುಖ್ಯ ಕಮಿಶನರರೊಬ್ಬರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ. ತಂದೆ ಅರಣ್ಯಾಧಿಕಾರಿಯಾಗಿದ್ದರು. ಮಗಳಿಗೆ ಒಂಬತ್ತು ವರ್ಷವಾದಾಗ ಅವರು ತೀರಿಕೊಂಡರು. ನಾಲ್ಕು ಮಕ್ಕಳ ಭಾರವೆಲ್ಲ ತಾಯಿಯ ಮೇಲೆ ಬಿತ್ತು.

ಈ ತಾಯಿಯ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಂಡನಿಲ್ಲದ ಮನೆಯಲ್ಲಿ ಗಂಡುಮಕ್ಕಳನ್ನು ಓದಿಸಿ ಹೆಣ್ಣುಮಕ್ಕಳನ್ನು ಬೇಗ ದಾಟಿಸುವುದು ನಮ್ಮ ಕಡೆಗೆ ನಡೆದುಬಂದ ರೀತಿ. ೧೯೩೦ರ ಸುಮಾರಿನಲ್ಲಂತೂ ಅದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ. ಆ ತಾಯಿ ತನ್ನ ನಾಲ್ಕು ಮಕ್ಕಳಿಗೂ ಸಿಗಬಹುದಾದ ಒಳ್ಳೆಯ ವಿದ್ಯೆಯನ್ನೇ ಕೊಡಿಸಬೇಕೆಂದು ಹಟ ತೊಟ್ಟರು. ಹಾಗೆಂದೇ ಮುತ್ತಮ್ಮನವರು ಮಡಿಕೇರಿಯ ಸಂತ ಜೋಸೆಫರ ಬಾಲಿಕೆಯರ ಶಾಲೆಯಲ್ಲಿ ಓದಿದರು. ಅಲ್ಲಿಂದ ಮದರಾಸಿಗೆ ಹೋಗಿ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಲ್ಲಿ ಮೂರು ಸುವರ್ಣ ಪದಕಗಳನ್ನು ಪಡೆದು ಪದವೀಧರೆಯಾಗಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮುಗಿಸಿದರು. ಅಷ್ಟು ಓದಿದ ಹೆಣ್ಣುಮಗಳಿಗೆ ಆ ದಿನಗಳಲ್ಲಿ ಇದ್ದ ದಾರಿ ಬಹುಮಟ್ಟಿಗೆ ಒಂದೇ: ಹುಡುಗಿಯರ ಕಾಲೇಜಿನಲ್ಲಿ ಅಧ್ಯಾಪಕಿಯಾಗುವುದು. ಅದೂ ಗೌರವದ ಕೆಲಸವೇ. ಅದೇ ಕೆಲಸ ಮಾಡಿ ಅನ್ನ ಉಣ್ಣುತ್ತಿರುವ ನಾನು ಅದನ್ನು ಕೀಳ್ಗಳೆಯಲಾರೆ. ಆದರೆ ಮುತ್ತಮ್ಮನವರು ಬೇರೆ ದಾರಿಯನ್ನು ಆರಿಸಿಕೊಂಡರು.

ಬ್ರಿಟಿಷರ ಕಾಲದ ಐ.ಸಿ.ಎಸ್. ಸೇವೆಯಲ್ಲಿ ಹೆಣ್ಣಿಗೆ ಸ್ಥಾನವಿರಲಿಲ್ಲ. ಸ್ವಾತಂತ್ರ್ಯ ಬಂದೊಡನೆ ಹೊಸ ಸೇವೆಗಳಿಗೆ ಪರೀಕ್ಷೆಗಳು ನಡೆದಾಗ ಬಾಗಿಲು ಹೆಣ್ಣುಮಕ್ಕಳಿಗೂ ತೆರೆಯಿತು. ೧೯೪೮ರ ಪರೀಕ್ಷೆಗೆ ಮುತ್ತಮ್ಮನವರು ಕುಳಿತು ಉತ್ತೀರ್ಣರಾದರು. ಆ ಪರೀಕ್ಷೆಯಲ್ಲಿ ಗೆದ್ದ ಪ್ರಥಮ ಮಹಿಳೆ ಅವರೇ. ಸ್ವತಂತ್ರ ಭಾರತದ ಪರವಾಗಿ ವಿಜಯಲಕ್ಷ್ಮೀ ಪಂಡಿತರು ಆಗಲೇ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದರು, ನಿಜ. ಆದರೆ ಅದು ರಾಜಕಾರಣದ ಮಾರ್ಗದಿಂದ ಬಂದ ನೇಮಕ. ಸ್ವಾತಂತ್ರ್ಯದ ಹೋರಾಟದಲ್ಲಿ ಹೆಸರು ಮಾಡಿದ, ಪ್ರಧಾನಮಂತ್ರಿಗಳ ತಂಗಿಯಾದ ಒಬ್ಬರಿಗೆ ಸಂದ ಗೌರವ. ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿನಿಂದ ನೌಕರಳಾಗಿ ಮೇಲೇರುವ ಹೆಣ್ಣಿನ ಪ್ರಶ್ನೆ ಬೇರೆ. ಒಬ್ಬಳನ್ನು ಗೌರವಿಸುವುದು ಎಲ್ಲ ಸಂಸ್ಥೆಗಳಿಗೂ ಸುಲಭ. ತಮ್ಮ ಸಾಲಿನಲ್ಲಿ ಕೂರಿಸಿಕೊಳ್ಳುವುದು ಕಠಿಣ.

ಆ ಕಾಠಿಣ್ಯ ಸಂದರ್ಶನದ ಕೋಣೆಯಲ್ಲಿಯೇ ಮುತ್ತಮ್ಮನವರಿಗೆ ಗೊತ್ತಾಯಿತು. ಲೋಕಸೇವಾ ಆಯೋಗದ ಅಧ್ಯಕ್ಷರು, ವಿದೇಶಾಂಗ ಸೇವೆ ಹೆಣ್ಣಿಗೆ ತಕ್ಕುದಲ್ಲವೆಂದು ಅವರ ಮನಸ್ಸನ್ನು ತಿರುಗಿಸಲು ಯತ್ನಿಸಿದರು. ಮುತ್ತಮ್ಮನವರು ಬಗ್ಗಲಿಲ್ಲ. ಮುಂದೊಂದು ಸಲ ಅದೇ ಅಧ್ಯಕ್ಷರು, ಮೌಖಿಕ ಪರೀಕ್ಷೆಯಲ್ಲಿ ಅವರಿಗೆ ಕನಿಷ್ಠ ಅಂಕಗಳು ಬರುವಂತೆ ತಮ್ಮ ಪ್ರಭಾವವನ್ನು ಬಳಸಿದ್ದಾಗಿ ಅವರ ಮುಂದೆಯೇ ಹೇಳಿದರಂತೆ. ಇದು ಊರಮಾತಲ್ಲ; ಮೂವತ್ತು ವರ್ಷಗಳ ತರುವಾಯ ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಬರೆದ ಸಂಗತಿ. ಇದರಲ್ಲಿ ನನ್ನನ್ನು ಬೆರಗುಗೊಳಿಸುವುದು ಅಧ್ಯಕ್ಷರ ವಿರೋಧವಲ್ಲ, ಅವರ ನಿಃಸಂಕೋಚ. ಕಡಿಮೆ ಅಂಕ ಕೊಟ್ಟವನು ಅದನ್ನು ಮುಚ್ಚಿಡಬೇಕೆಂದು ಕೂಡ ಭಾವಿಸಲಿಲ್ಲ. ಆಕೆಗೆ ಉಪಕಾರ ಮಾಡುತ್ತಿದ್ದೇನೆಂದೇ ಆತ ತಿಳಿದಿದ್ದಿರಬೇಕು. ಹೆಣ್ಣಿಗೆ ಅಡ್ಡ ಬಂದವರಲ್ಲಿ ಬಹುಮಂದಿ ದುಷ್ಟರಲ್ಲ, ಅವರು ಹಿತೈಷಿಗಳು. ದುಷ್ಟರೊಡನೆ ಜಗಳಾಡುವುದಕ್ಕಿಂತ ಹಿತೈಷಿಗಳೊಡನೆ ಜಗಳಾಡುವುದು ಹೆಚ್ಚು ದಣಿಸುವ ಕೆಲಸ.

೧೯೪೯ರಲ್ಲಿ ಮುತ್ತಮ್ಮನವರು ಸೇವೆಗೆ ಸೇರಿದರು. ಸೇರುವಾಗ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರು: ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆಂದು. ಜೊತೆಗೆ ಸೇವೆಗೆ ಸೇರಿದ ಗಂಡಸರಿಂದ ಇಂಥ ಕಾಗದವನ್ನು ಯಾರೂ ಬರೆಸಿಕೊಳ್ಳಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಮುಚ್ಚಳಿಕೆ ಎಂಬ ಮಾತು ನಮ್ಮ ಕಚೇರಿಗಳಲ್ಲಿ ಹಳೆಯದು. ಜಗಳಗಂಟನಿಂದ, ಬಾಕಿದಾರನಿಂದ, ಮತ್ತೆ ತಪ್ಪು ಮಾಡೆನೆಂದು ಬರೆಸಿಕೊಳ್ಳುವ ಕಾಗದ ಅದು. ಪದವಿಯ ಮೇಲೆ ಪದವಿ, ಪದಕದ ಮೇಲೆ ಪದಕ ಪಡೆದು, ದೇಶದ ಅತ್ಯಂತ ಕಠಿಣ ಪರೀಕ್ಷೆಯನ್ನು ಗೆದ್ದ ಇಪ್ಪತ್ತೈದು ವರ್ಷದ ತರುಣಿ ಇನ್ನೂ ಮಾಡದ ತಪ್ಪಿಗೆ ಅಂಥ ಕಾಗದ ಬರೆದುಕೊಟ್ಟರು. ತಡೆಗೋಡೆಯನ್ನು ಕಟ್ಟುವವರು ಬೇರೆಯವರಾದರೂ, ಅದರ ಮೇಲೆ ಹೆಣ್ಣಿನ ಕೈಯಿಂದಲೇ ರುಜು ಹಾಕಿಸುತ್ತಾರೆ. ನಾಳೆ ಆಕೆ ದೂರಿದರೆ, ನೀನೇ ಒಪ್ಪಿ ಬರೆದುಕೊಟ್ಟಿರುವೆಯಲ್ಲ ಎಂದು ತೋರಿಸಬಹುದು. ಬರೆದುಕೊಡದಿದ್ದರೆ ಏನಾಗುತ್ತಿತ್ತು? ಕೆಲಸ ಸಿಗುತ್ತಿರಲಿಲ್ಲ, ಹೆಣ್ಣುಮಕ್ಕಳೇ ಈ ಸೇವೆಗೆ ಬರಲೊಲ್ಲರೆಂದು ಕಡತದಲ್ಲಿ ದಾಖಲಾಗುತ್ತಿತ್ತು.

ಇದು ನಮ್ಮ ದೇಶದ ಸರಕಾರಕ್ಕೆ ಮಾತ್ರ ಅಂಟಿದ ರೋಗವೆಂದು ತಿಳಿಯುವುದು ಸರಿಯಲ್ಲ. ಬ್ರಿಟನ್ನಿನ ರಾಯಭಾರ ಸೇವೆ ಹೆಂಗಸರನ್ನು ಒಳಗೆ ಬಿಟ್ಟದ್ದೇ ೧೯೪೬ರಲ್ಲಿ. ಮದುವೆಯಾದವರು ಕೆಲಸ ಬಿಡಬೇಕೆಂಬ ಕಟ್ಟಳೆಯನ್ನು ಅವರು ತೆಗೆದದ್ದು ೧೯೭೩ರಲ್ಲಿ. ನಾವು ಅವರ ಆಡಳಿತವನ್ನು ಕಳಚಿದೆವು, ಅವರ ಕಚೇರಿಯ ಅಭ್ಯಾಸಗಳನ್ನು ಇಟ್ಟುಕೊಂಡೆವು. ೧೯೫೧ರಲ್ಲಿ ಆಡಳಿತ ಸೇವೆಯನ್ನು, ಅಂದರೆ ಐ.ಎ.ಎಸ್. ಅನ್ನು, ಸೇರಿದ ಪ್ರಥಮ ಮಹಿಳೆ ಅನ್ನಾ ರಾಜಮ್ ಅವರ ನೇಮಕದ ಆಜ್ಞೆಯಲ್ಲಿಯೂ ಮದುವೆಯಾದರೆ ಸೇವೆ ಮುಗಿಯುವುದೆಂಬ ಮಾತಿತ್ತು.

ಮುತ್ತಮ್ಮನವರ ಮೊದಲ ನೇಮಕ ಪ್ಯಾರಿಸ್ಸಿನ ರಾಯಭಾರ ಕಚೇರಿಗೆ ಆಯಿತು. ಆಮೇಲೆ ರಂಗೂನ್, ಲಂಡನ್. ದಿಲ್ಲಿಯಲ್ಲಿ ಪಾಕಿಸ್ತಾನದ ವಿಭಾಗ, ಅಮೇರಿಕೆಯ ವಿಭಾಗ. ಒಂದೊಂದು ಊರಿನ ವಿವರಕ್ಕೂ ಇಲ್ಲಿ ಎಡೆಯಿಲ್ಲ. ಆದರೆ ಆ ನೌಕರಿಯ ಸ್ವರೂಪದ ಬಗೆಗೆ ಒಂದು ಮಾತು ಹೇಳಬೇಕು. ಪರದೇಶದಲ್ಲಿದ್ದ ಅಧಿಕಾರಿಯ ಕೆಲಸ ಕಚೇರಿಯ ಮೇಜಿನೊಂದಿಗೆ ಮುಗಿಯುವುದಿಲ್ಲ. ಅತಿಥಿಗಳನ್ನು ಕರೆಯುವುದು, ಊಟ ಹಾಕುವುದು, ನಾಲ್ಕು ದೇಶಗಳ ಜನರನ್ನು ಒಂದೇ ಮೇಜಿನ ಸುತ್ತ ಸಂತೋಷವಾಗಿಡುವುದು, ಇದೆಲ್ಲ ಅದರ ಅಂಗ. ಗಂಡಸು ಅಧಿಕಾರಿಯಾದರೆ ಈ ಭಾರವನ್ನು ಅವನ ಹೆಂಡತಿ ಹೊರುತ್ತಿದ್ದಳು. ಅವಳಿಗೆ ಸರಕಾರ ಪಗಾರ ಕೊಡುತ್ತಿರಲಿಲ್ಲ. ಅಂದರೆ ಒಬ್ಬನ ಪಗಾರದಲ್ಲಿ ಇಬ್ಬರ ದುಡಿಮೆ ಸರಕಾರಕ್ಕೆ ದೊರೆಯುತ್ತಿತ್ತು. ಹೆಣ್ಣು ಅಧಿಕಾರಿಗೆ ಗಂಡನಿರುವುದು ದೋಷ, ಗಂಡು ಅಧಿಕಾರಿಗೆ ಹೆಂಡತಿಯಿರುವುದು ಗುಣ. ಮದುವೆ ಒಂದೇ; ತಕ್ಕಡಿ ಎರಡು. ಮುತ್ತಮ್ಮನವರು ಕಚೇರಿಯ ಕೆಲಸವನ್ನೂ ಮನೆಯ ಆತಿಥ್ಯವನ್ನೂ ಒಬ್ಬರೇ ನಡೆಸಬೇಕಾಯಿತು.

ಅವರು ಮುಚ್ಚಳಿಕೆ ಬರೆದ ಮರುವರ್ಷ, ೧೯೫೦ರ ಜನೇವರಿ ೨೬ರಂದು, ನಮ್ಮ ಸಂವಿಧಾನ ಜಾರಿಗೆ ಬಂದಿತು. ಸರಕಾರದ ಉದ್ಯೋಗದಲ್ಲಿ ಲಿಂಗದ ಕಾರಣದಿಂದ ಯಾರಿಗೂ ಭೇದ ಮಾಡಕೂಡದೆಂದು ಅದರ ೧೬ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹಾಗಾದರೆ ಹಳೆಯ ಮುಚ್ಚಳಿಕೆಗಳೆಲ್ಲ ಅಂದೇ ಕಸದ ಬುಟ್ಟಿ ಸೇರಬೇಕಾಗಿತ್ತು. ಆದದ್ದು ಬೇರೆ. ಸಂವಿಧಾನ ಬಂದು ಹನ್ನೊಂದು ವರ್ಷಗಳಾದ ಮೇಲೆ, ೧೯೬೧ರಲ್ಲಿ, ವಿದೇಶಾಂಗ ಸೇವೆಗೆ ಎರಡು ನಿಯಮಾವಳಿಗಳು ಹೊರಬಿದ್ದವು. ಸೇವೆಯಲ್ಲಿರುವ ಹೆಣ್ಣುಮಗಳು ಮದುವೆಗೆ ಮೊದಲು ಸರಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಬಳಿಕ ಸಂಸಾರದ ಹೊಣೆಗಳು ಆಕೆಯ ಕರ್ತವ್ಯಕ್ಕೆ ಅಡ್ಡಬರುವವೆಂದು ಸರಕಾರಕ್ಕೆ ಎನಿಸಿದರೆ ರಾಜೀನಾಮೆ ಕೇಳಬಹುದು. ಇದು ನಡತೆ ಮತ್ತು ಶಿಸ್ತಿನ ನಿಯಮಾವಳಿಯ ೮(೨)ನೆಯ ನಿಯಮ. ವಿವಾಹಿತೆಯಾದ ಯಾವ ಹೆಣ್ಣಿಗೂ ಸೇವೆಗೆ ನೇಮಕ ಹೊಂದುವ ಹಕ್ಕು ಇಲ್ಲ. ಇದು ನೇಮಕಾತಿಯ ನಿಯಮಾವಳಿಯ ೧೮(೪)ನೆಯದು. ಮದುವೆಯ ವಿಷಯವನ್ನು ಶಿಸ್ತಿನ ನಿಯಮಗಳ ಪಟ್ಟಿಯಲ್ಲಿ ಇಟ್ಟಿದ್ದಾರೆಂಬುದನ್ನು ವಾಚಕರು ಗಮನಿಸಬೇಕು. ಹಳೆಯ ಕಾಲದವರು ಬರೆದಿಟ್ಟು ಹೋದ ಕಟ್ಟಳೆಯನ್ನು ತೆಗೆಯಲು ಮರೆತರೆಂದು ಸಮಾಧಾನ ಹೇಳಿಕೊಳ್ಳುವಂತೆಯೂ ಇಲ್ಲ. ಸ್ವತಂತ್ರ ಭಾರತದ ಅಧಿಕಾರಿಗಳು, ಸಂವಿಧಾನವನ್ನು ಓದಿಕೊಂಡವರು, ಕುಳಿತು ಹೊಸದಾಗಿ ಬರೆದದ್ದು ಇದು. ಹನ್ನೆರಡು ವರ್ಷ ಒಬ್ಬ ಹೆಣ್ಣುಮಗಳ ದಕ್ಷತೆಯನ್ನು ಕಣ್ಣಾರೆ ನೋಡಿದ ಮೇಲೆ ಬರೆದದ್ದು.

ಮುತ್ತಮ್ಮನವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು. ಅದಕ್ಕೆ ಈ ನಿಯಮವೇ ಕಾರಣವೆನ್ನುವ ಅಧಿಕಾರ ನನಗಿಲ್ಲ. ಒಬ್ಬರ ಬಾಳಿನ ಆ ಕೋಣೆಗೆ ಹೊರಗಿನವರು ಇಣುಕಬಾರದು. ೧೮(೪)ನೆಯ ನಿಯಮವನ್ನು ೧೯೭೩ರ ನವೆಂಬರದಲ್ಲಿ ತೆಗೆದುಹಾಕಿದರು. ಆಗ ಮುತ್ತಮ್ಮನವರಿಗೆ ನಲವತ್ತೊಂಬತ್ತು ವರ್ಷ.

೧೯೭೦ರಲ್ಲಿ ಅವರು ಹಂಗೇರಿಗೆ ರಾಯಭಾರಿಯಾಗಿ ಹೋದರು. ಸೇವೆಯೊಳಗಿನಿಂದಲೇ ಮೇಲೇರಿ ರಾಯಭಾರಿಯಾದ ಪ್ರಥಮ ಭಾರತೀಯ ಮಹಿಳೆ ಅವರು. ಬಳಿಕ ಆಫ್ರಿಕೆಯ ಘಾನಾ ದೇಶಕ್ಕೆ. ಹೊರಗಿನಿಂದ ನೋಡುವವರಿಗೆ ಗೋಡೆಗಳೆಲ್ಲ ಬಿದ್ದವೆಂದೇ ತೋರುತ್ತಿತ್ತು. ಆದರೆ ಆ ಸೇವೆಯ ಮೊದಲನೆಯ ದರ್ಜೆಗೆ ಬಡ್ತಿಯ ಕಾಲ ಬಂದಾಗ ಅವರನ್ನು ಕೈಬಿಟ್ಟರು. ಅರ್ಹತೆ ಸಾಲದೆಂದು ಕಾರಣ. ಅವರಿಗಿಂತ ಕಿರಿಯರಾದವರು ಮುಂದೆ ಹೋದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮದುವೆಯ ನಿಯಮ ಅನ್ಯಾಯದ್ದಾದರೂ ಕಾಗದದ ಮೇಲೆ ಇತ್ತು. ಅದರ ಸಂಖ್ಯೆಯನ್ನು ಹೇಳಬಹುದಾಗಿತ್ತು, ಅದು ಸಂವಿಧಾನದ ಯಾವ ವಿಧಿಗೆ ವಿರುದ್ಧವೆಂದು ಬೆರಳಿಟ್ಟು ತೋರಿಸಬಹುದಾಗಿತ್ತು. ಅರ್ಹತೆ ಸಾಲದೆಂಬ ತೀರ್ಮಾನಕ್ಕೆ ಅಂಥ ಮೈಯಿಲ್ಲ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಕುಳಿತು ಹಾಗೆಂದರೆ ಹಾಗೆಯೇ. ಹೆಣ್ಣೆಂಬ ಕಾರಣಕ್ಕೆ ಕೈಬಿಟ್ಟೆವೆಂದು ಅವರು ಬರೆಯುವುದಿಲ್ಲ. ಬಹುಶಃ ತಮ್ಮ ಮನಸ್ಸಿನೊಳಗೂ ಹಾಗೆ ಹೇಳಿಕೊಳ್ಳುವುದಿಲ್ಲ. ಈ ಎರಡನೆಯ ಗೋಡೆಯನ್ನು ಹಾಯಬೇಕಾದರೆ ಮೊದಲನೆಯದನ್ನು ಸಾಕ್ಷಿಗೆ ಕರೆಯಬೇಕು. ಮುತ್ತಮ್ಮನವರು ಅದನ್ನೇ ಮಾಡಿದರು.

೧೯೭೯ರಲ್ಲಿ ಅವರು ಭಾರತ ಸರಕಾರದ ವಿರುದ್ಧ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು. ಮೂವತ್ತು ವರ್ಷ ಸೇವೆ ಸಲ್ಲಿಸಿದ, ಇನ್ನೂ ಸೇವೆಯಲ್ಲಿಯೇ ಇದ್ದ, ದೇಶದ ಪರವಾಗಿ ಮಾತನಾಡುವುದೇ ವೃತ್ತಿಯಾದ ಅಧಿಕಾರಿಯೊಬ್ಬರು ತಮ್ಮ ಯಜಮಾನನಾದ ಸರಕಾರವನ್ನೇ ಕಟಕಟೆಗೆ ಕರೆದರು. ಐವತ್ತೈದರ ವಯಸ್ಸು, ನಿವೃತ್ತಿ ಕಣ್ಣೆದುರಿಗಿತ್ತು. ಸುಮ್ಮನಿದ್ದು ಗೌರವದಿಂದ ಹೊರಬೀಳಬಹುದಾಗಿತ್ತು. ಅರ್ಜಿಯಲ್ಲಿ ಅವರು ಬಡ್ತಿಯ ಮಾತನ್ನಷ್ಟೇ ಬರೆಯಲಿಲ್ಲ. ಸಂದರ್ಶನದ ಕನಿಷ್ಠ ಅಂಕಗಳು, ಮುಚ್ಚಳಿಕೆ, ೧೯೬೧ರ ನಿಯಮಗಳು, ಹೆಣ್ಣೆಂಬ ಕಾರಣಕ್ಕೆ ಪದೇ ಪದೇ ಅನುಭವಿಸಿದ್ದು, ಎಲ್ಲವನ್ನೂ ಒಂದರ ಹಿಂದೊಂದು ಜೋಡಿಸಿದರು. ಬಡ್ತಿಯನ್ನು ನಿರ್ಣಯಿಸುವವರಲ್ಲಿ ಹೆಂಗಸರ ಬಗೆಗೆ ಪೂರ್ವಗ್ರಹವಿದೆಯೆಂದು ನೇರವಾಗಿ ಆರೋಪಿಸಿದರು.

ಅರ್ಜಿ ಬಿದ್ದ ಕೆಲವೇ ತಿಂಗಳಲ್ಲಿ ಅದೇ ಸರಕಾರಕ್ಕೆ ಅದೇ ಮುತ್ತಮ್ಮನವರಲ್ಲಿ ಮೊದಲನೆಯ ದರ್ಜೆಯ ಅರ್ಹತೆ ಕಂಡಿತು! ಬಡ್ತಿ ಬಂದಿತು. ಬಡ್ತಿ ಬಂದ ಮೇಲೆ ಅರ್ಜಿಗೆ ಅರ್ಥವೇನೆಂದು ಸರಕಾರದ ಪರವಾಗಿ ವಾದ ಹೂಡುವುದಕ್ಕೆ ಹಾದಿಯಾಯಿತು. ೧೯೭೯ರ ಸಪ್ಟೆಂಬರ ೧೭ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪು ಕೊಟ್ಟರು. ಲೆಕ್ಕಕ್ಕೆ ನೋಡಿದರೆ ಮುತ್ತಮ್ಮನವರ ಅರ್ಜಿ ವಜಾ ಆಯಿತು. ಬೇಡಿದ ಬಡ್ತಿ ದೊರೆತ ಮೇಲೆ ತೀರ್ಮಾನಿಸಲು ಏನೂ ಉಳಿಯಲಿಲ್ಲವೆಂಬುದು ಅದಕ್ಕೆ ಕಾರಣ. ಆದರೆ ಆ ಪುಟ್ಟ ತೀರ್ಪನ್ನು ಓದಿದವರಿಗೆ ಅದು ಸೋಲಿನ ಕಾಗದವೆಂದು ಅನಿಸದು. ಮದುವೆಯಾದ ಗಂಡಸಿಗೆ ಇರುವ ಹಕ್ಕು, ಬೇರೆಲ್ಲ ಸಮವಾಗಿರುವಾಗ, ಮದುವೆಯಾದ ಹೆಂಗಸಿಗೆ ಏಕಿರಬಾರದೆಂದು ನ್ಯಾಯಮೂರ್ತಿಗಳು ಸರಕಾರವನ್ನು ಪ್ರಶ್ನಿಸಿದರು. ಸಂಸಾರದ ಚಿಂತೆ ಹೆಣ್ಣಿನ ದಕ್ಷತೆಯನ್ನು ಕೆಡಿಸುವುದಾದರೆ ಗಂಡಿನದನ್ನು ಕೆಡಿಸುವುದಿಲ್ಲವೇ ಎಂಬುದು ಅವರ ತರ್ಕದ ತಿರುಳು. ಸಂವಿಧಾನದ ಸಮಾನತೆಯ ವಿಧಿಗಳಿಗೆ ಈ ನಿಯಮಗಳು ಬಗೆದ ದ್ರೋಹವನ್ನು ಅವರು ಎತ್ತಿ ತೋರಿಸಿದರು. ೧೮(೪)ನೆಯದು ಹೋಗಿದೆ, ೮(೨)ನೆಯದೂ ಹೋಗುವ ಹಾದಿಯಲ್ಲಿದೆ ಎಂದು ಸರಕಾರ ಹೇಳಿಕೊಂಡಾಗ, ಸೇವಾ ನಿಯಮಗಳಲ್ಲಿ ಉಳಿದಿರಬಹುದಾದ ಇಂಥ ಕಲೆಗಳನ್ನೆಲ್ಲ ನ್ಯಾಯಾಲಯಕ್ಕೆ ಕಾಯದೆ ತಾನೇ ತೊಳೆದುಹಾಕಬೇಕೆಂಬ ಕರ್ತವ್ಯವನ್ನು ನೆನಪಿಸಿದರು. ಕಿರಿಯರು ಮುಂದೆ ಹೋದ ಅವಧಿಯಲ್ಲಿ ಮುತ್ತಮ್ಮನವರು ಕಳೆದುಕೊಂಡ ಜ್ಯೇಷ್ಠತೆಯನ್ನು ಮರಳಿ ಪರಿಶೀಲಿಸಬೇಕೆಂದೂ ಆಜ್ಞಾಪಿಸಿದರು. ಹಾಗೆಂದು ಅದೇ ತೀರ್ಪಿನಲ್ಲಿ, ಎಲ್ಲ ಉದ್ಯೋಗಗಳಲ್ಲಿಯೂ ಎಲ್ಲ ಸಂದರ್ಭಗಳಲ್ಲಿಯೂ ಹೆಣ್ಣು ಗಂಡು ಸಮಾನರೆಂದು ತಾವು ಸಾರುತ್ತಿಲ್ಲವೆಂಬ ಒಂದು ಎಚ್ಚರಿಕೆಯ ಮಾತೂ ಇದೆ. ಅದನ್ನು ಮುಚ್ಚಿಟ್ಟು ತೀರ್ಪನ್ನು ಹೊಗಳುವುದು ನ್ಯಾಯವಲ್ಲ.

ಆ ಎಚ್ಚರಿಕೆಯ ಮಾತಿನ ಬಿರುಕಿನೊಳಗೆ ಎಷ್ಟು ನುಸುಳಬಹುದೆಂಬುದು ಎರಡೇ ವರ್ಷಗಳಲ್ಲಿ ಕಂಡಿತು. ೧೯೮೧ರಲ್ಲಿ ಏರ್ ಇಂಡಿಯಾದ ಗಗನಸಖಿಯರ ಮೊಕದ್ದಮೆ ಅದೇ ನ್ಯಾಯಾಲಯದ ಮುಂದೆ ಬಂದಾಗ, ಮೊದಲ ಸಲ ಗರ್ಭಿಣಿಯಾದೊಡನೆ ಕೆಲಸದಿಂದ ತೆಗೆಯುವ ನಿ��ಮವನ್ನು ನ್ಯಾಯಾಲಯ ಹೊಡೆದುಹಾಕಿತು. ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾಗಬಾರದೆಂಬ ನಿಯಮವನ್ನು ಮಾತ್ರ ಹಾಗೆಯೇ ಉಳಿಸಿತು.

ಮುತ್ತಮ್ಮನವರ ಕೊನೆಯ ನೇಮಕ ನೆದರ್ಲೆಂಡ್ಸಿಗೆ. ೧೯೮೨ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಮೆಯವರ ಅಧ್ಯಕ್ಷತೆಯಲ್ಲಿ ನಿಃಶಸ್ತ್ರೀಕರಣದ ವಿಚಾರಕ್ಕಾಗಿ ಕೂಡಿದ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತದ ಸದಸ್ಯೆಯಾಗಿದ್ದರು. ದಿಲ್ಲಿಯಲ್ಲಿ ತಮಗಿದ್ದ ಹದಿನೈದು ಎಕರೆ ಭೂಮಿಯನ್ನು ಅನಾಥ ಮಕ್ಕಳ ಆಶ್ರಯಕ್ಕೆಂದು ದಾನ ಕೊಟ್ಟರು. ಇಂಗ್ಲಿಷಿನಲ್ಲಿ ಎರಡು ಪುಸ್ತಕಗಳನ್ನು ಬರೆದರು. ಅವುಗಳ ಜೋಡಿ ವಿಚಿತ್ರವಾದದ್ದು. ೧೯೬೧ರ ನಿಯಮಗಳನ್ನು ಬರೆದವರು ನೋಡಿದ್ದರೆ ತಬ್ಬಿಬ್ಬಾಗುತ್ತಿದ್ದರೋ ಏನೋ. ೨೦೦೦ದಲ್ಲಿ ಬಂದದ್ದು ಕೊಡವರ ಅಡುಗೆಯ ಪುಸ್ತಕ. ೨೦೦೩ರಲ್ಲಿ ಬಂದದ್ದು ನಮ್ಮ ಆಡಳಿತ ವ್ಯವಸ್ಥೆಯನ್ನು ಕಟುವಾಗಿ ವಿಮರ್ಶಿಸುವ ಲೇಖನಗಳ ಸಂಗ್ರಹ. ಕಡಂಬುಟ್ಟನ್ನು ಹೇಗೆ ಬೇಯಿಸಬೇಕೆಂಬುದನ್ನೂ ಸರಕಾರ ಎಲ್ಲಿ ಹಳಸಿದೆಯೆಂಬುದನ್ನೂ ಒಬ್ಬರೇ ಬಲ್ಲವರಾಗಿದ್ದರು.

೨೦೦೯ರ ಅಕ್ಟೋಬರ ೧೪ರಂದು ಬೆಂಗಳೂರಿನಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆ ದಿನ ದಿಲ್ಲಿಯಲ್ಲಿ ವಿದೇಶಾಂಗ ಕಾರ್ಯದರ್ಶಿಯ ಕುರ್ಚಿಯಲ್ಲಿ ಇದ್ದವರು ನಿರುಪಮಾ ರಾವ್. ಅವರಿಗಿಂತ ಮುಂಚೆ, ೨೦೦೧ರಲ್ಲಿ, ಚೋಕಿಲಾ ಅಯ್ಯರ್ ಆ ಕುರ್ಚಿಯನ್ನೇರಿದ್ದರು. ಇಬ್ಬರೂ ವಿವಾಹಿತರು.

ಇಷ್ಟನ್ನು ಹೇಳಿ ಮುಗಿಸುವಾಗ ಹೊರಗೆ ಕತ್ತಲಾಗಿತ್ತು. ಹುಡುಗಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಕೊನೆಗೆ, ನೀವೂ ಅಂಥ ಮುಚ್ಚಳಿಕೆ ಬರೆದುಕೊಟ್ಟಿದ್ದಿರೇನು ಮೇಡಮ್ ಎಂದು ಕೇಳಿದಳು. ತಪ್ಪಿಸಿಕೊಳ್ಳಲು ನೋಡಿದ ಪ್ರಶ್ನೆ ತಿರುಗಿ ನನ್ನ ಮುಂದೆಯೇ ಬಂದು ಕುಳಿತಿತು. ಹೇಳಿದೆ. ಎಂ.ಎ. ಮುಗಿಸಿ ಒಂದು ಖಾಸಗಿ ಕಾಲೇಜಿಗೆ ಹೋಗಿದ್ದೆ. ಆಡಳಿತ ಮಂಡಳಿಯ ಹಿರಿಯರೊಬ್ಬರು, ತಂದೆಯಂತೆ ನಗುತ್ತ, ಲಗ್ನದ ವಿಚಾರ ಕೇಳಿದರು. ಆಗಲೇ ನನ್ನ ನಿಶ್ಚಿತಾರ್ಥ ಆಗಿ ಎರಡು ವಾರವಾಗಿತ್ತು. ಮೂರು ವರ್ಷ ಆ ವಿಚಾರವೇ ಇಲ್ಲವೆಂದು ಹೇಳಿದೆ. ಕೆಲಸ ಸಿಕ್ಕಿತು. ಮೇ ತಿಂಗಳ ರಜೆಯಲ್ಲಿ ಲಗ್ನವಾಗಿ, ಜೂನಿನಲ್ಲಿ ಕಾಲೇಜು ತೆರೆದಾಗ ಕಾಲುಂಗುರ ತೆಗೆದಿಟ್ಟು, ತಾಳಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋದೆ. ಎಷ್ಟು ದಿನ ಮುಚ್ಚೀತು? ಯಾರೂ ಏನೂ ಅನ್ನಲಿಲ್ಲ. ಮರುವರ್ಷದ ಅಧ್ಯಾಪಕರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕಾರಣ ಕೇಳಲು ಹೋದಾಗ ಆ ಹಿರಿಯರು ಚಹಾ ತರಿಸಿ ಕೊಟ್ಟರು. ಕಾರಣವನ್ನು ಮಾತ್ರ ಹೇಳಲಿಲ್ಲ, ಬರೆದು ಕೊಡುವುದಂತೂ ದೂರ. ಸುಳ್ಳು ಹೇಳಿದ ನನಗೆ ಜಗಳಾಡುವ ಬಾಯಿಯೂ ಇರಲಿಲ್ಲ.

ನನ್ನಂತೆ ಹೇಳೆಂದು ಆ ಹುಡುಗಿಗೆ ಹೇಳಲಾರದೆ ಹೋದೆ. ಮುತ್ತಮ್ಮನವರಂತೆ ಹೋರಾಡೆಂದು ಹೇಳುವುದೂ ನನ್ನಿಂದಾಗಲಿಲ್ಲ. ಅವಳ ಮನೆಯಲ್ಲಿ ಆ ತಿಂಗಳ ಪಗಾರಕ್ಕೆ ಕಾಯುತ್ತಿರುವವರಿದ್ದಾರೆ. ಅವಳು ತೀರ್ಪಿನ ಹೆಸರು, ಇಸವಿಗಳನ್ನು ತನ್ನ ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡು, ಕೊಡೆ ಬಿಚ್ಚಿ ಹೊರಟಳು.

ಮುಂದಿನ ವಾರ ಫೋನು ಮಾಡಿದಳು. ಎರಡನೆಯ ಸಂದರ್ಶನದಲ್ಲಿಯೂ ಅದೇ ಪ್ರಶ್ನೆ ಬಂದಿತಂತೆ. ಹೊರಗೆ ಬೆಂಚಿನ ಮೇಲೆ ಕುಳಿತಿರುವ ಹುಡುಗರಿಗೂ ಇದನ್ನು ಕೇಳುವಿರೇನೆಂದು ಅವಳು ವಿನಯದಿಂದಲೇ ಕೇಳಿದಳಂತೆ. ಒಬ್ಬರು ನಕ್ಕರು. ಒಬ್ಬರು ಗಡಿಯಾರ ನೋಡಿದರು. ಮೂರನೆಯವರು ಎದುರಿಗಿದ್ದ ಹಾಳೆಯಲ್ಲಿ ಏನನ್ನೋ ಬರೆದುಕೊಂಡರು. ಬರೆದದ್ದೇನೆಂದು ಅವಳು ಕುಳಿತ ಕಡೆಯಿಂದ ಕಾಣಿಸಲಿಲ್ಲ. ಅವರ ಪತ್ರ ಇನ್ನೂ ಬಂದಿಲ್ಲ.